ಕಲಿಸುವವರು ಕಲಿಯಬೇಕಾದುದು

ತರಗತಿಯಲ್ಲಿ ಉಪಾಧ್ಯಾಯರು ಒಬ್ಬ ಹುಡುಗನನ್ನು ಎಬ್ಬಿಸಿ ಪಾಠ ಓದಲು ಹೇಳುತ್ತಾರೆ. ಅವನು ಒಂದೊಂದೇ ಅಕ್ಷರಕ್ಕೆ ತಡವರಿಸುತ್ತಾನೆ. ಒತ್ತಕ್ಷರ ಬಂದಲ್ಲಿ ನಿಂತೇಬಿಡುತ್ತಾನೆ. ಹಿಂದಿನ ಸಾಲಿನಿಂದ ನಗೆ ಕೇಳಿಬರುತ್ತದೆ. ಅದೇ ಪಾಠವನ್ನು ಬೇರೊಬ್ಬರು ಓದಿ ಹೇಳಿದರೆ ಅವನು ಅದರ ಸಾರವನ್ನು ಚೆನ್ನಾಗಿ ವಿವರಿಸಬಲ್ಲನು. ಆದರೂ ‘ದಡ್ಡ’, ‘ಸೋಮಾರಿ’ ಎಂಬ ಹೆಸರುಗಳು ಅವನಿಗೆ ಅಂಟಿಕೊಳ್ಳುತ್ತವೆ. ಅವನು ನಿಜವಾಗಿಯೂ ದಡ್ಡನೇ?

ಈ ಪ್ರಶ್ನೆ ಹೊಸದಲ್ಲ. 1896ರಲ್ಲಿ ಇಂಗ್ಲೆಂಡಿನ ವೈದ್ಯ ಪ್ರಿಂಗಲ್ ಮಾರ್ಗನ್ ಎಂಬುವರು 14 ವರ್ಷದ ಪರ್ಸಿ ಎಂಬ ಬಾಲಕನ ಸ್ಥಿತಿಯನ್ನು ವೈದ್ಯಕೀಯ ಪತ್ರಿಕೆಯಲ್ಲಿ ವರ್ಣಿಸಿದರು. ಅವನ ದೃಷ್ಟಿ ಚೆನ್ನಾಗಿತ್ತು. ಲೆಕ್ಕಗಳನ್ನು ಸಲೀಸಾಗಿ ಮಾಡುತ್ತಿದ್ದನು. ಆದರೆ ತನ್ನ ಹೆಸರನ್ನೇ ಬರೆಯುವಾಗ ಅಕ್ಷರಗಳನ್ನು ಹಿಂದುಮುಂದು ಮಾಡುತ್ತಿದ್ದನು. ಪಾಠವೆಲ್ಲ ಬಾಯಿಮಾತಿನಲ್ಲೇ ನಡೆಯುವುದಾದರೆ ಶಾಲೆಯಲ್ಲಿ ಇವನೇ ಅತಿ ಚುರುಕಿನ ಹುಡುಗನಾಗುವನೆಂದು ಅವನ ಗುರುಗಳು ಅಭಿಪ್ರಾಯಪಟ್ಟಿದ್ದರು. ಆ ಗುರುಗಳಿಗೆ ಹುಡುಗನ ಬುದ್ಧಿ ಕಂಡಿತ್ತು. ಆದರೆ ಅವನಿಗೆ ಓದು ಕಲಿಸುವ ದಾರಿ ಕಂಡಿರಲಿಲ್ಲ.

ಇಂಥ ತೊಡಕನ್ನು ಇಂದು ನಿರ್ದಿಷ್ಟ ಕಲಿಕಾ ನ್ಯೂನತೆ ಎನ್ನುತ್ತಾರೆ. ಕೆಲವರಿಗೆ ಓದು, ಕೆಲವರಿಗೆ ಬರವಣಿಗೆ, ಮತ್ತೆ ಕೆಲವರಿಗೆ ಲೆಕ್ಕ ಕಷ್ಟವಾಗುತ್ತದೆ. ಇದು ಬುದ್ಧಿಯ ಕೊರತೆಯೂ ಅಲ್ಲ, ಶ್ರದ್ಧೆಯ ಕೊರತೆಯೂ ಅಲ್ಲ. ಓದಿನ ತೊಡಕಿರುವ ಮಗುವಿನ ಮಿದುಳಿಗೆ ಅಕ್ಷರವನ್ನೂ ಅದರ ಧ್ವನಿಯನ್ನೂ ಜೋಡಿಸುವುದು ಸುಲಭವಲ್ಲ. ಬೆತ್ತದಿಂದ ಈ ಜೋಡಣೆ ಆಗದು. ಕ್ರಮಬದ್ಧವಾದ ಬೋಧನೆಯಿಂದ ಆಗುತ್ತದೆ.

ಆ ಕ್ರಮವನ್ನು ಅಮೆರಿಕದಲ್ಲಿ ಸ್ಯಾಮ್ಯುಯಲ್ ಆರ್ಟನ್ ಎಂಬ ವೈದ್ಯರೂ ಅನ್ನಾ ಗಿಲ್ಲಿಂಗ್‌ಹ್ಯಾಮ್ ಎಂಬ ಶಿಕ್ಷಕಿಯೂ 1930ರ ದಶಕದಲ್ಲಿ ರೂಪಿಸಿದರು. ಅಕ್ಷರವನ್ನು ಕಣ್ಣಿನಿಂದ ನೋಡಿ, ಕಿವಿಯಿಂದ ಕೇಳಿ, ಬಾಯಿಂದ ಉಚ್ಚರಿಸಿ, ಕೈಯಿಂದ ತಿದ್ದಿ ಕಲಿಯುವುದೇ ಅದರ ತಿರುಳು. ನಮ್ಮ ಹಿಂದಿನ ಕೂಲಿಮಠಗಳಲ್ಲಿ ಮಕ್ಕಳು ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದುತ್ತಿದ್ದುದು ಇಲ್ಲಿ ನೆನಪಾಗುತ್ತದೆ. ಕನ್ನಡವನ್ನು ಕಲಿಸುವಾಗ ‘ದ’ ಮತ್ತು ‘ಧ’ಗಳ ಅಂತರವನ್ನು ಎತ್ತಿ ತೋರಿಸುವುದು, ಒತ್ತಕ್ಷರವನ್ನು ಬಿಡಿಸಿ ಮತ್ತೆ ಕೂಡಿಸುವುದು ಇಂಥ ಮಕ್ಕಳಿಗೆ ನೆರವಾಗಬಲ್ಲವು.

ನಮ್ಮ ದೇಶದ 1995ರ ಅಂಗವಿಕಲರ ಕಾಯಿದೆಯಲ್ಲಿ ಈ ನ್ಯೂನತೆಗೆ ಸ್ಥಾನವಿರಲಿಲ್ಲ. 2016ರ ಕಾಯಿದೆ ಇದನ್ನು ಸೇರಿಸಿಕೊಂಡಿತು; ಇದನ್ನು ಮಕ್ಕಳಲ್ಲಿ ಬೇಗನೆ ಗುರುತಿಸಿ ತಕ್ಕ ಬೋಧನೆ ಒದಗಿಸಬೇಕೆಂದೂ ವಿಧಿಸಿತು. ಆದರೆ ಕಾಯಿದೆ ತಾನಾಗಿ ತರಗತಿಯೊಳಕ್ಕೆ ಬಂದು ಪಾಠ ಹೇಳುವುದಿಲ್ಲ. ಪಾಠ ಹೇಳುವವರು ಶಿಕ್ಷಕರು. ಆದುದರಿಂದ ವಿಶೇಷ ಶಿಕ್ಷಕರಿಗೆ ಮಾತ್ರವಲ್ಲ, ಪ್ರತಿಯೊಬ್ಬ ಶಿಕ್ಷಕರಿಗೂ ಈ ತರಬೇತಿ ದೊರೆಯಬೇಕು.

ಇದು ತಜ್ಞರ ಕೆಲಸ, ತುಂಬಿದ ತರಗತಿಯಲ್ಲಿ ಶಿಕ್ಷಕರಿಗೆ ಇದಕ್ಕೆಲ್ಲಿ ಬಿಡುವು ಎಂದು ಕೆಲವರು ಕೇಳಬಹುದು. ಈ ಮಾತಿನಲ್ಲಿ ಸತ್ಯಾಂಶವಿಲ್ಲದಿಲ್ಲ. ಪರೀಕ್ಷಿಸಿ ನಿರ್ಣಯಿಸುವುದು ತಜ್ಞರ ಕೆಲಸವೇ ಸರಿ. ಆದರೆ ಮಗುವನ್ನು ದಿನವೂ ಕಾಣುವವರು ಶಿಕ್ಷಕರು. ಅವರು ಗುರುತಿಸದಿದ್ದರೆ ಮಗು ತಜ್ಞರ ಬಳಿಗೆ ಹೋಗುವುದಾದರೂ ಹೇಗೆ? ಅಲ್ಲದೆ, ಅಕ್ಷರವನ್ನು ಬಿಡಿಸಿ ಕಲಿಸಿದರೆ ಉಳಿದ ಮಕ್ಕಳಿಗೆ ನಷ್ಟವೇನೂ ಇಲ್ಲ. ಅವರ ಓದೂ ಹಸನಾಗುತ್ತದೆ. ಶಿಕ್ಷಕರಿಗೆ ಕರುಣೆಯೊಂದೇ ಸಾಲದು. ಪರ್ಸಿಯ ಗುರುಗಳಲ್ಲಿ ಕರುಣೆಗೆ ಕೊರತೆಯಿತ್ತೆಂದು ಹೇಳಲಾಗದು. ಇರದಿದ್ದುದು ವಿಧಾನದ ಅರಿವು.

ವಿದ್ಯಾರ್ಥಿಗಳೇ, ನಿಮ್ಮಲ್ಲಿ ಕೆಲವರು ಮುಂದೆ ಶಿಕ್ಷಕರಾಗುವಿರಿ. ಆ ದಿನ ನಿಮ್ಮ ಮುಂದೆಯೂ ಒಂದು ಮಗು ಪುಸ್ತಕ ಹಿಡಿದು ತಡವರಿಸುತ್ತ ನಿಂತೀತು. ಅದು ಬರಲಿರುವ ಮಾತಾಯಿತು. ಇಂದು ನಿಮ್ಮ ತರಗತಿಯಲ್ಲೇ ಅಂಥ ಗೆಳೆಯನೊಬ್ಬನಿದ್ದರೆ, ಅವನು ಓದಲು ಎದ್ದಾಗ ನಗದೆ ಕೇಳಿರಿ. ಅಷ್ಟನ್ನು ಮಾಡಲು ನಿಮಗೆ ಯಾವ ತರಬೇತಿಯೂ ಬೇಕಿಲ್ಲ.