ರೋಗಿಯನ್ನು ಹೊರಗಿಟ್ಟು ಮಾತು ಬೇಡ

ಆಂಧ್ರದ ರಾಯದುರ್ಗ, ಮಡಕಶಿರಾ ಸೀಮೆಯ ಕನ್ನಡ ಮನೆಗಳಲ್ಲಿ ಕ್ಯಾನ್ಸರ್ ಶಂಕೆ ಮೂಡಿದರೆ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ ನೆನಪಾಗುವುದು ಸಹಜ. ವರದಿ ಮಾತ್ರ ಮಕ್ಕಳು, ಅಳಿಯಂದಿರ ಕೈಯಲ್ಲೇ ಉಳಿಯುತ್ತದೆ. ರೋಗಿಗೆ ‘ಸಣ್ಣ ಗಡ್ಡೆ, ವಾಸಿಯಾಗುತ್ತೆ’ ಎಂಬ ಸಮಾಧಾನ. ಇದರ ಹಿಂದಿರುವುದು ಪ್ರೀತಿಯೇ. ಆದರೆ ಕಿಮೊ ವಾರ್ಡಿನಲ್ಲಿ ಕೂತವರಿಗೆ ಸತ್ಯ ತಾನಾಗಿ ತಿಳಿಯುತ್ತದೆ. ಭಯ ಹೇಳಿಕೊಳ್ಳಲು ಯಾರೂ ಇರುವುದಿಲ್ಲ. ಜಮೀನು, ಮಗಳ ಮದುವೆ, ಚಿಕಿತ್ಸೆ ಬೇಕೆ ಸಾಕೆ ಎಂಬ ತೀರ್ಮಾನಗಳೂ ಕೈತಪ್ಪುತ್ತವೆ. ಎಷ್ಟು ತಿಳಿಯಲು ಇಷ್ಟವೆಂದು ವೈದ್ಯರು ರೋಗಿಯನ್ನೇ, ಅವರ ಭಾಷೆಯಲ್ಲೇ ಕೇಳಬೇಕು. ಬೇಡವೆಂದರೆ ಹೇರುವುದೂ ಬೇಡ.

ನೋವಿನ ವಿಷಯದಲ್ಲಂತೂ ನೆಪಗಳಿಗೆ ಜಾಗವಿಲ್ಲ. ಪ್ಯಾರಸಿಟಮಾಲ್‌ನಿಂದ ಮಾರ್ಫಿನ್‌ವರೆಗಿನ ಮೆಟ್ಟಿಲುಗಳನ್ನು ವಿಶ್ವ ಆರೋಗ್ಯ ಸಂಸ್ಥೆ 1986ರಲ್ಲೇ ತೋರಿಸಿತು. ವೈದ್ಯರ ನಿಗಾದಲ್ಲಿ ಹೊತ್ತುಹೊತ್ತಿಗೆ ನುಂಗುವ ಮಾರ್ಫಿನ್ ಮಾತ್ರೆಯಿಂದ ಚಟ ಹತ್ತುತ್ತದೆಂಬ ಅಂಜಿಕೆ ಅತಿಯಾದದ್ದು. ಮಾದಕವಸ್ತು ಕಾಯ್ದೆಗೆ 2014ರಲ್ಲಿ ಬಂದ ತಿದ್ದುಪಡಿ ಹಲವು ಲೈಸೆನ್ಸುಗಳ ತೊಡಕು ತೆಗೆದು, ಮಾನ್ಯತೆ ಪಡೆದ ಆಸ್ಪತ್ರೆಗಳು ಮಾರ್ಫಿನ್ ಇಟ್ಟುಕೊಳ್ಳುವ ದಾರಿ ಸುಗಮಗೊಳಿಸಿತು. ಅನಂತಪುರ ಜಿಲ್ಲಾಡಳಿತ ಹಾಗೂ 2022ರಿಂದ ಮಡಕಶಿರಾ ಸೇರಿರುವ ಶ್ರೀ ಸತ್ಯಸಾಯಿ ಜಿಲ್ಲಾಡಳಿತ ರಾಯದುರ್ಗ, ಮಡಕಶಿರಾ ಊರುಗಳ ಸರ್ಕಾರಿ ಆಸ್ಪತ್ರೆಗಳಿಗೆ ಆ ಮಾನ್ಯತೆ ಕೊಡಿಸಿ, ವೈದ್ಯರಿಗೂ ನರ್ಸ್‌ಗಳಿಗೂ ತರಬೇತಿ ನೀಡಲಿ. ಮಾತ್ರೆಗಾಗಿ ನರಳುತ್ತ ಬೆಂಗಳೂರು ಬಸ್ಸು ಹತ್ತುವ ಪಾಡು ಯಾರಿಗೂ ಬರಬಾರದು.