ಹಳೆಯ ಲಾರಿ: ಶೋರೂಮಿಗೋ, ಹೊರಗಿನ ಗಿರಾಕಿಗೋ?

2025ರ ಸೆಪ್ಟೆಂಬರ್ 22ರಿಂದ ಸರಕು ಸಾಗಿಸುವ ಹೊಸ ವಾಹನಗಳ ಮೇಲಿನ ಜಿಎಸ್‌ಟಿ ಶೇಕಡಾ 28ರಿಂದ 18ಕ್ಕೆ ಇಳಿಯಿತು. ಅಂದಿನಿಂದ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಕಡೆಯ ನಮ್ಮ ಅಡತಿ ಅಂಗಡಿಗಳಲ್ಲಿ ಒಂದು ಮಾತು ಮೇಲಿಂದ ಮೇಲೆ ಬರುತ್ತದೆ: ಹಳೆಯ ಗಾಡಿ ತೆಗೆದು ಹೊಸದು ತರೋಣವೇ? ತರುವುದೇನೋ ಸರಿ. ಆದರೆ ಹೊಸದರ ಬೆಲೆ ಇಳಿದರೆ ಹಳೆಯದರ ಬೆಲೆಯೂ ಅದರ ಬೆನ್ನಿಗೇ ಇಳಿಯುತ್ತದೆ. ತೆರಿಗೆ ಇಳಿಯುವ ಮೊದಲು ಬೀಗರ ಲಾರಿಗೆ ಇಷ್ಟು ಬಂದಿತ್ತು ಎಂಬ ಲೆಕ್ಕ ಈಗ ನಡೆಯುವುದಿಲ್ಲ.

ಮುಂದಿನ ಪ್ರಶ್ನೆ, ಹಳೆಯದನ್ನು ಶೋರೂಮಿಗೇ ಬದಲಿಗೆ ಕೊಡಬೇಕೋ, ಹೊರಗೆ ಮಾರಬೇಕೋ ಎಂಬುದು. ಶೋರೂಮಿನವರು ಎರಡು ವ್ಯಾಪಾರಗಳನ್ನು ಒಂದೇ ಚೀಟಿಯಲ್ಲಿ ಬರೆಯುತ್ತಾರೆ. ಹಳೆಯದಕ್ಕೆ ಕೈಬಿಚ್ಚಿ ಬೆಲೆ ಕಟ್ಟಿ, ಹೊಸದರ ಮೇಲಿನ ರಿಯಾಯಿತಿಯನ್ನು ಸದ್ದಿಲ್ಲದೆ ಹಿಂತೆಗೆದುಕೊಳ್ಳುವುದು ಹಳೆಯ ರೂಢಿ. ಅದಕ್ಕೆ, ಮೊದಲ ದಿನ ಹಳೆಯ ಗಾಡಿಯ ಸುದ್ದಿಯನ್ನೇ ಎತ್ತಬೇಡಿ. ಹೊಸದರ ಕಡೆಯ ಬೆಲೆಯನ್ನು ಕಾಗದದ ಮೇಲೆ ಬರೆಸಿಕೊಳ್ಳಿ. ಎರಡನೆಯ ದಿನ ಹಳೆಯದನ್ನು ತೋರಿಸಿ.

ಒಂದು ಲೆಕ್ಕ ಹಾಕೋಣ. ಶೋರೂಮಿನವರು ಹಳೆಯ ಗಾಡಿಗೆ 5,20,000 ರೂಪಾಯಿ, ಮೇಲೆ 30,000 ಎಕ್ಸ್‌ಚೇಂಜ್ ಬೋನಸ್ ಎಂದರು ಎಂದಿಟ್ಟುಕೊಳ್ಳಿ. ಹೊರಗಿನ ಗಿರಾಕಿ 6,20,000ಕ್ಕೆ ಬಂದ. ಬದಲಿ ಇಲ್ಲದಿದ್ದರೆ ಹೊಸದರ ಮೇಲೆ 40,000 ಬಿಡುತ್ತಾರೆ. ಒಂದು ಕಡೆ 5,50,000, ಇನ್ನೊಂದು ಕಡೆ 6,60,000. ಅಂತರ 1,10,000 ರೂಪಾಯಿ.

ಇದರಲ್ಲಿ ತೆರಿಗೆಯೂ ಕಳೆಯಬೇಕು. ಜಿಎಸ್‌ಟಿ ನೋಂದಣಿ ಇದ್ದವರು ವ್ಯಾಪಾರದ ಲಾರಿ ಮಾರಿದರೆ, ಕೊಂಡಾಗ ತೆರಿಗೆಯ ಕ್ರೆಡಿಟ್ ಪಡೆದಿಲ್ಲದ ಪಕ್ಷದಲ್ಲಿ, ‘ಲಾಭಾಂಶ’ದ ಮೇಲೆ ಮಾತ್ರ ಶೇಕಡಾ 18 ತೆರಿಗೆ. ಕೊಂಡ ಬೆಲೆಗಿಂತ ಕಡಿಮೆಗೆ ಮಾರಿದೆವು, ಲಾಭ ಎಲ್ಲಿದೆ ಎಂದು ಸುಮ್ಮನಿರುವಂತಿಲ್ಲ. ವರ್ಷವರ್ಷವೂ ಸವಕಳಿ ಬರೆದುಕೊಂಡಿದ್ದರೆ, ಸವಕಳಿ ಕಳೆದು ಪುಸ್ತಕದಲ್ಲಿ ಉಳಿದ ಬೆಲೆಯಿಂದಲೇ ಎಣಿಕೆ. ಪುಸ್ತಕದಲ್ಲಿ 2,20,000 ಉಳಿದಿದ್ದರೆ, ಹೊರಗಿನ ಮಾರಾಟಕ್ಕೆ 4,00,000ದ ಮೇಲೆ 72,000; ಶೋರೂಮಿಗೆ ಕೊಟ್ಟರೆ 3,00,000ದ ಮೇಲೆ 54,000. ಬದಲಿಗೆ ಕೊಡುವುದೂ ಮಾರಾಟವೇ. ಕೊಂಡಾಗ ಕ್ರೆಡಿಟ್ ಪಡೆದಿದ್ದರೆ ಲೆಕ್ಕ ಬೇರೆ, ತೆರಿಗೆ ಪೂರ್ಣ ಬೆಲೆಯ ಮೇಲೆ ಬೀಳುತ್ತದೆ. ಬೆಲೆ ಮಾತಾಡುವ ಮೊದಲೇ ನಿಮ್ಮ ಸಿ.ಎ. ಅವರನ್ನು ಕೇಳಿರಿ. ಮಾರಿದ ಮೇಲೆ ಕೇಳಿದರೆ ಆ ತೆರಿಗೆ ನಿಮ್ಮ ಗಂಟಿನಿಂದಲೇ ಹೋಗುತ್ತದೆ.

ನಮ್ಮ ಲೆಕ್ಕದಲ್ಲಿ ಉಳಿದದ್ದು 92,000. ದಲಾಲಿ, ಬಣ್ಣ, ಸಣ್ಣಪುಟ್ಟ ದುರಸ್ತಿ, ಗಿರಾಕಿ ಬರುವ ತನಕ ಗಾಡಿ ನಿಂತ ಖರ್ಚು ಎಂದು ಮೂವತ್ತು ಸಾವಿರ ತೆಗೆಯಿರಿ. ಅರವತ್ತು ಸಾವಿರ ಚಿಲ್ಲರೆ ಉಳಿಯಿತು. ಸಣ್ಣ ಹಣವಲ್ಲ. ಆದರೆ ಅದನ್ನು ಯಾವುದಕ್ಕೆ ಪ್ರತಿಯಾಗಿ ಪಡೆಯುತ್ತಿದ್ದೇವೆ ಎಂಬುದೇ ನಮಗೆ ಮುಖ್ಯವಾಗಿ ಕಾಣುತ್ತದೆ.

ಗಾಡಿ ಕೈ ಬಿಟ್ಟಿತು, ಹಣ ಬಂತು, ಆದರೆ ಆರ್.ಸಿ. ಪುಸ್ತಕದಲ್ಲಿ ನಿಮ್ಮ ಹೆಸರು ಹಾಗೆಯೇ ಇದೆ. 2007ರಲ್ಲಿ ಮಾರಿದ ಒಂದು ವಾಹನ ಕೈಯಿಂದ ಕೈಗೆ ಹೋಗಿ 2009ರಲ್ಲಿ ಅಪಘಾತ ಮಾಡಿತು. ಪುಸ್ತಕದಲ್ಲಿ ಮೊದಲಿನವರ ಹೆಸರೇ ಇದ್ದುದರಿಂದ ಪರಿಹಾರದ ಹೊಣೆ ಅವರದೇ ಎಂದು ಸುಪ್ರೀಂ ಕೋರ್ಟು 2018ರ ಫೆಬ್ರವರಿಯಲ್ಲಿ ತೀರ್ಪಿತ್ತಿತು. ವಿಮೆ ಜಾರಿಯಲ್ಲಿದ್ದರೆ ವಿಮಾ ಕಂಪನಿ ಕೊಟ್ಟೀತು. ಕೊಂಡವನು ವಿಮೆಯ ಕಂತು ಕಟ್ಟದೆ ಬಿಟ್ಟರೆ? ಅದು ನಿಮ್ಮ ಕೈಯಲ್ಲಿಲ್ಲ. ದಲಾಲನ ಕೈಗೆ ಸಹಿ ಮಾಡಿದ ಖಾಲಿ 29, 30ನೇ ನಮೂನೆಗಳನ್ನು ಕೊಟ್ಟು ಮರೆತುಬಿಡುವ ಚಟ ನಮ್ಮಲ್ಲಿ ಬಹಳ. ಖಾಲಿ ಚೆಕ್ಕಿಗೆ ಸಹಿ ಹಾಕದ ಜಾಣರೂ ಇದಕ್ಕೆ ಹಾಕುತ್ತಾರೆ!

ಶೋರೂಮಿಗೆ ಕೊಟ್ಟರೆ ಈ ಚಿಂತೆ ಇಲ್ಲವೆಂದು ತಿಳಿಯಬೇಡಿ. ಎಷ್ಟೋ ಕಡೆ ಅವರೂ ಅದೇ ದಲಾಲನಿಗೇ ದಾಟಿಸುತ್ತಾರೆ. 2023ರ ಏಪ್ರಿಲ್ 1ರಿಂದ ಹಳೆಯ ವಾಹನಗಳ ವ್ಯಾಪಾರಿಗಳು ಆರ್.ಟಿ.ಓ. ಕಚೇರಿಯಿಂದ ಅಧಿಕಾರಪತ್ರ ಪಡೆಯಬೇಕೆಂಬ ನಿಯಮ ಬಂದಿದೆ. ಅಂಥ ಪತ್ರವಿದ್ದವರಿಗೆ ಗಾಡಿ ಒಪ್ಪಿಸಿ 29-ಸಿ ನಮೂನೆಯಲ್ಲಿ ತಿಳಿಸಿದರೆ, ಅಂದಿನಿಂದ ಅವರನ್ನೇ ಮಾಲೀಕರೆಂದು ಪರಿಗಣಿಸಲಾಗುತ್ತದೆ. ಪತ್ರ ತೋರಿಸಿರಿ ಎಂದು ಕೇಳಿರಿ. ತೋರಿಸಿದರೆ ಆ ಅರವತ್ತು ಸಾವಿರ ಬಿಟ್ಟುಕೊಟ್ಟರೂ ನಷ್ಟವಿಲ್ಲ ಎಂದೇ ನಮ್ಮ ಅಭಿಪ್ರಾಯ. ತೋರಿಸದಿದ್ದರೆ ಹಣವೂ ಕಡಿಮೆ, ಹೊಣೆಯೂ ಹಾಗೆಯೇ. ಆಗ ಹೊರಗೆ ಮಾರುವುದೇ ಲೇಸು.

ಹೊರಗಿನ ಗಿರಾಕಿ ಎಂದರೆ ನಮ್ಮಲ್ಲಿ ಬಹುಮಟ್ಟಿಗೆ ಮನೆಯ ಡ್ರೈವರೇ. ‘ಸಾವಕಾರ್ರ, ಬ್ಯಾರೇದವ್ರಿಗೆ ಯಾಕ ಕೊಡ್ತೀರಿ? ನನಗ ಕೊಡ್ರಿ, ತಿಂಗಳಾ ಇಷ್ಟಂತ ಮುಟ್ಟಸ್ತೀನಿ’ ಎನ್ನುತ್ತಾನೆ. ಹತ್ತು ವರ್ಷ ತೊಗರಿ, ಜೋಳ, ಒಣದ್ರಾಕ್ಷಿಯ ಲೋಡು ಹೊತ್ತು ನಮ್ಮ ಅಂಗಡಿ ನಡೆಸಿಕೊಟ್ಟವನು. ಗೇರ್ ಬಾಕ್ಸಿನ ದೋಷ ನಮಗಿಂತ ಅವನಿಗೇ ಚೆನ್ನಾಗಿ ಗೊತ್ತು, ಮುಚ್ಚಿಡುವುದೇನೂ ಇಲ್ಲ. ಇಪ್ಪತ್ತು ಸಾವಿರ ಕಡಿಮೆಯಾದರೂ ಅವನಿಗೇ ಕೊಡಿರಿ ಎಂದು ನಾವು ಹೇಳುತ್ತೇವೆ. ಆದರೆ ಕಂತು ತೀರುವ ತನಕ ಗಾಡಿ ನಮ್ಮ ಹೆಸರಿನಲ್ಲೇ ಇರಲಿ ಎಂಬ ಕರಾರು ಬೇಡ. ಅದನ್ನು ನಾವು ಭದ್ರತೆ ಎಂದು ತಿಳಿಯುತ್ತೇವೆ. ನಿಜದಲ್ಲಿ ಅವನು ಓಡಿಸುವ ಒಂದೊಂದು ಮೈಲಿಯ ಹೊಣೆಯೂ ನಮ್ಮ ತಲೆಯ ಮೇಲೆ. ಅವನಿಗೂ ಅದು ಅನ್ಯಾಯವೇ. ಮೂರು ವರ್ಷ ಕಂತು ಮುಟ್ಟಿಸಿದ ಮೇಲೆ ಸಾವಕಾರರು ತೀರಿಕೊಂಡು, ಮಕ್ಕಳು ಪಾಲಿಗೆ ಕೂತರೆ, ಅವನ ಕೈಯಲ್ಲಿ ಒಂದು ಚೀಟಿಯೂ ಇರುವುದಿಲ್ಲ. ಫೈನಾನ್ಸಿನಲ್ಲಿ ಹಳೆಯ ವಾಹನದ ಸಾಲ ಅವನಿಗೆ ಕೊಡಿಸಿರಿ. ಹೆಸರು ಮೊದಲೇ ಬದಲಾಗಲಿ, ಪುಸ್ತಕದಲ್ಲಿ ಫೈನಾನ್ಸಿನವರ ಹಕ್ಕು ನಮೂದಾಗಲಿ. ಬೇಕಾದರೆ ಜಾಮೀನು ನಿಲ್ಲಿರಿ. ಜಾಮೀನಿನ ಹೊಣೆ ಸಾಲದಷ್ಟೇ, ಪುಸ್ತಕದ ಹೆಸರಿನ ಹೊಣೆಗೆ ಮಿತಿಯಿಲ್ಲ.

ಗಡಿಯವರಾದ ನಮಗೆ ಇನ್ನೊಂದು ತೊಡಕು. ಎಂ.ಎಚ್. 13ರ ಗಾಡಿಯನ್ನು ಇಂಡಿಯ ಗಿರಾಕಿ ಕೊಂಡರೆ ಊರು ಹತ್ತಿರವಾದರೂ ರಾಜ್ಯ ಬೇರೆ. ಸೊಲ್ಲಾಪುರದ ಆರ್.ಟಿ.ಓ.ದಿಂದ 28ನೇ ನಮೂನೆಯ ನಿರಾಕ್ಷೇಪಣಾ ಪತ್ರ ಬೇಕು. ಅದಕ್ಕೆ ತೆರಿಗೆ ಬಾಕಿ, ದಂಡದ ಚಲನ್ನು ಎಲ್ಲ ತೀರಿರಬೇಕು. ಹೊಸ ನಂಬರು ಪಡೆದು ಕರ್ನಾಟಕದ ತೆರಿಗೆ ಕಟ್ಟುವುದು ಕೊಂಡವನ ಕೆಲಸ. ಆ ಖರ್ಚಿಗೆ ಹಿಂದೆಗೆದು ಅವನು ಹಳೆಯ ನಂಬರಿನಲ್ಲೇ ಓಡಿಸುತ್ತಾನೆ. ಅದಕ್ಕಾಗಿ ಬೆಲೆಯಲ್ಲಿ ಒಂದಷ್ಟು ಭಾಗವನ್ನು ಹೆಸರು ಬದಲಾಗುವ ತನಕ ಹಿಡಿದಿಡುವ ಉಪಾಯವಿಲ್ಲ, ಏಕೆಂದರೆ ಹಣ ಕೊಡುವವನು ಅವನು. ಪತ್ರ ಕೈಗೆ ಬಂದ ಮೇಲೆಯೇ ಗಾಡಿ ಕೊಡುವುದೊಂದೇ ದಾರಿ. ಒಂದೇ ರಾಜ್ಯದೊಳಗಿನ ಮಾರಾಟವಾದರೆ ಮಾರಿದವರು 14 ದಿನಗಳಲ್ಲಿ ತಿಳಿಸಬೇಕು, ಕೊಂಡವರಿಗೆ 30 ದಿನ.

ಹಣವನ್ನು ಬ್ಯಾಂಕಿನ ಮೂಲಕವೇ ಪಡೆಯಿರಿ. ಒಂದು ವ್ಯವಹಾರಕ್ಕೆ 2 ಲಕ್ಷ ಅಥವಾ ಹೆಚ್ಚು ನಗದು ಪಡೆಯುವುದಕ್ಕೆ 2017ರ ಏಪ್ರಿಲಿನಿಂದ ನಿಷೇಧವಿದೆ. ದಂಡ ಪಡೆದಷ್ಟೇ ಮೊತ್ತ, ಅದೂ ಪಡೆದವರಿಗೆ. ಒಪ್ಪಿಸುವ ಚೀಟಿಯಲ್ಲಿ ತಾರೀಖಿನ ಜೊತೆಗೆ ಗಂಟೆ, ನಿಮಿಷವನ್ನೂ ಬರೆದು ಇಬ್ಬರೂ ಸಹಿ ಮಾಡಿರಿ. ಫಾಸ್ಟ್ಯಾಗ್ ಅಂದೇ ಬಂದ್ ಮಾಡಿಸಿರಿ, ಇಲ್ಲವಾದರೆ ಅವನ ಟೋಲು ನಿಮ್ಮ ಖಾತೆಯಿಂದ ಹೋಗುತ್ತದೆ. ಬಾಗಿಲಿನ ಮೇಲೆ ಬರೆಸಿದ ಅಂಗಡಿಯ ಹೆಸರು, ಫೋನ್ ನಂಬರುಗಳ ಮೇಲೆ ಗಾಡಿ ಹೊರಡುವ ಮುನ್ನ ನೀವೇ ನಿಂತು ಬಣ್ಣ ಹೊಡೆಸಿರಿ.