ಬಿಳಿ ಕೋಟಿನೊಳಗಿನ ದುಃಖ

ಹತ್ತನೇ ತರಗತಿಯಲ್ಲಿ 'ಮುಂದೆ ಏನಾಗಬೇಕೆಂದಿದ್ದೀರಿ?' ಎಂದು ಕೇಳಿ ನೋಡಿ. 'ಡಾಕ್ಟರ್' ಎನ್ನುವವರೇ ಹೆಚ್ಚು. ಏಕೆ ಎಂದರೆ, 'ರೋಗ ವಾಸಿ ಮಾಡುವುದಕ್ಕೆ ಸಾರ್' ಎನ್ನುತ್ತಾರೆ. ಒಳ್ಳೆಯ ಉತ್ತರವೇ. ಆದರೆ ರೋಗ ವಾಸಿಯಾಗುವಂಥದ್ದಲ್ಲದಿದ್ದರೆ? ರೋಗಿ ಏಳು ವರ್ಷದ ಮಗುವಾಗಿದ್ದರೆ? ಆಗ ಡಾಕ್ಟರು ಏನು ಮಾಡುತ್ತಾರೆ, ಅವರ ಮನಸ್ಸಿಗೆ ಏನಾಗುತ್ತದೆ? ಮಕ್ಕಳನ್ನು ವೈದ್ಯಕೀಯಕ್ಕೆ ಸೇರಿಸಲು ಹೊರಟಿರುವ ತಂದೆತಾಯಂದಿರೂ ಒಮ್ಮೆ ಯೋಚಿಸಬೇಕಾದ ಪ್ರಶ್ನೆ ಇದು.

ಮಕ್ಕಳ ರಕ್ತ ಕ್ಯಾನ್ಸರನ್ನೇ ತೆಗೆದುಕೊಳ್ಳೋಣ. ಇದಕ್ಕೆ ಲ್ಯುಕೇಮಿಯಾ ಎಂದು ಹೆಸರು. ಮೂಳೆಯ ಮಜ್ಜೆಯಲ್ಲಿ ಬಲಿಯದ ಬಿಳಿ ರಕ್ತಕಣಗಳು ಮಿತಿಮೀರಿ ಹೆಚ್ಚಿ, ಉಳಿದ ಕಣಗಳಿಗೆ ಜಾಗವಿಲ್ಲದಂತೆ ಮಾಡುತ್ತವೆ. 1940ರ ದಶಕದಲ್ಲಿ ಈ ರೋಗ ಬಂದ ಮಗು ಕೆಲವು ವಾರ ಅಥವಾ ಕೆಲವು ತಿಂಗಳು ಬದುಕಿದರೆ ಹೆಚ್ಚು. ಅಮೆರಿಕದ ಬಾಸ್ಟನ್ ಮಕ್ಕಳ ಆಸ್ಪತ್ರೆಯಲ್ಲಿದ್ದ ಡಾ. ಸಿಡ್ನಿ ಫಾರ್ಬರ್ ಅವರದು, ತೀರಿಹೋದ ಮಕ್ಕಳ ಅಂಗಾಂಶಗಳನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸುವ ಕೆಲಸ. 1947ರಲ್ಲಿ ಅವರು ಬದುಕಿರುವ ಮಕ್ಕಳ ಹಾಸಿಗೆಯ ಬಳಿಗೆ ಬಂದರು. ಅಮಿನಾಪ್ಟೆರಿನ್ ಎಂಬ ಔಷಧಿಯನ್ನು ಪ್ರಯೋಗಿಸಿದರು. ಅದನ್ನು ಕೊಟ್ಟ ಲೆಡರ್ಲೆ ಪ್ರಯೋಗಾಲಯದಲ್ಲಿ ಸಂಶೋಧನೆಯ ಮುಖ್ಯಸ್ಥರಾಗಿದ್ದವರು ಆಂಧ್ರದ ಭೀಮಾವರದಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್.

1948ರ ಜೂನ್‌ನಲ್ಲಿ ಫಾರ್ಬರ್ ಪ್ರಕಟಿಸಿದ ವರದಿಯಲ್ಲಿ 16 ಮಕ್ಕಳಲ್ಲಿ 10 ಮಂದಿಗೆ ಗುಣ ಕಂಡಿತ್ತು. ಹಾಸಿಗೆ ಹಿಡಿದವರು ಎದ್ದು ಓಡಾಡಿದರು. ಆದರೆ ಕೆಲವು ತಿಂಗಳಲ್ಲೇ ರೋಗ ಮರಳಿ ಬಂತು. ಗಾಜಿನ ಪಟ್ಟಿಯ ಮೇಲಿನ ಅಂಗಾಂಶಕ್ಕೆ ಹೆಸರಿರುವುದಿಲ್ಲ. ಈ ಮಕ್ಕಳಿಗೆ ಹೆಸರಿತ್ತು, ನಗುವಿತ್ತು.

ಇಂದು ಶ್ರೀಮಂತ ದೇಶಗಳಲ್ಲಿ ಈ ರೋಗದ ಮುಖ್ಯ ಬಗೆಯಲ್ಲಿ ನೂರಕ್ಕೆ ಸುಮಾರು 90 ಮಕ್ಕಳು ಬದುಕುತ್ತಾರೆ. ನಮ್ಮಲ್ಲಿ ತಡವಾಗಿ ಆಸ್ಪತ್ರೆಗೆ ಬರುವವರೂ ಚಿಕಿತ್ಸೆಯನ್ನು ಅರ್ಧಕ್ಕೆ ಬಿಡುವವರೂ ಇರುವುದರಿಂದ ಈ ಸಂಖ್ಯೆ ಕಡಿಮೆ. ಚಿಕಿತ್ಸೆ ಎರಡು ಮೂರು ವರ್ಷ ನಡೆಯುತ್ತದೆ. ಅಷ್ಟರಲ್ಲಿ ಮಗುವಿನ ಶಾಲೆ, ಗೆಳೆಯರು, ಇಷ್ಟದ ತಿಂಡಿ ಎಲ್ಲವೂ ಡಾಕ್ಟರಿಗೆ ಗೊತ್ತಾಗಿರುತ್ತದೆ. ನೋವಾಗುವ ಸೂಜಿಯನ್ನು ಚುಚ್ಚಬೇಕಾದವರು ಅವರೇ. ಇನ್ನು ಔಷಧಿ ನಾಟುವುದಿಲ್ಲವೆಂದು ತಾಯಿಗೆ ಹೇಳಬೇಕಾದವರೂ ಅವರೇ. ಮರುಕ್ಷಣ ಪಕ್ಕದ ಹಾಸಿಗೆಯ ಮಗುವನ್ನು ನಗುಮುಖದಿಂದ ಮಾತನಾಡಿಸಬೇಕು.

ಇಂಥ ಕೆಲಸ ಮಾಡುತ್ತಾ ಡಾಕ್ಟರ ಮನಸ್ಸು ಕಲ್ಲಾಗಿಬಿಡುತ್ತದೆಯೇ? 2007ರಲ್ಲಿ ತೈವಾನಿನಲ್ಲಿ ಒಂದು ಪ್ರಯೋಗ ನಡೆಯಿತು. ದೇಹಕ್ಕೆ ಸೂಜಿ ಚುಚ್ಚುವ ದೃಶ್ಯಗಳನ್ನು ಜನಸಾಮಾನ್ಯರಿಗೂ, ಸೂಜಿ ಚಿಕಿತ್ಸೆ ಮಾಡುವ ವೈದ್ಯರಿಗೂ ತೋರಿಸಿ ಮೆದುಳಿನ ಸ್ಕ್ಯಾನ್ ಮಾಡಿದರು. ಜನಸಾಮಾನ್ಯರ ಮೆದುಳಿನಲ್ಲಿ ನೋವಿಗೆ ಸಂಬಂಧಿಸಿದ ಭಾಗಗಳು ಚುರುಕಾದವು. ವೈದ್ಯರಲ್ಲಿ ಹಾಗಾಗಲಿಲ್ಲ, ಅದರ ಬದಲು ಭಾವನೆಗಳನ್ನು ಹತೋಟಿಯಲ್ಲಿಡುವ ಮುಂಭಾಗ ಕೆಲಸ ಮಾಡುತ್ತಿತ್ತು. ಅಂದರೆ ಅದು ಕಲ್ಲಲ್ಲ, ಮುಚ್ಚಳ. ಆ ಮುಚ್ಚಳ ಬೇಕು ಕೂಡ. ಕೈ ನಡುಗಿದರೆ ಪುಟ್ಟ ಮಗುವಿನ ನರ ಸಿಗುವುದು ಹೇಗೆ? 1889ರಷ್ಟು ಹಿಂದೆಯೇ ವಿಲಿಯಂ ಆಸ್ಲರ್ ಎಂಬ ಹೆಸರಾಂತ ವೈದ್ಯರು, ಯಾವ ಹೊತ್ತಿನಲ್ಲೂ ವಿಚಲಿತನಾಗದಿರುವುದೇ ವೈದ್ಯನಿಗೆ ಎಲ್ಲಕ್ಕಿಂತ ಮುಖ್ಯ ಗುಣವೆಂದು ತಮ್ಮ ವಿದ್ಯಾರ್ಥಿಗಳಿಗೆ ಬೋಧಿಸಿದ್ದರು.

ಆದರೆ ನಿಮ್ಮ ಮನೆಯ ಕುಕ್ಕರನ್ನು ನೆನಪಿಸಿಕೊಳ್ಳಿ. ಮುಚ್ಚಳ ಗಟ್ಟಿಯಿದ್ದಷ್ಟೂ ಆವಿ ಹೊರಹೋಗಲು ದಾರಿ ಬೇಕು. ದಾರಿಯಿಲ್ಲದಿದ್ದರೆ ಏನಾಗುತ್ತದೆಂದು ಮನಶ್ಶಾಸ್ತ್ರಜ್ಞೆ ಕ್ರಿಸ್ಟಿನಾ ಮಾಸ್ಲಾಕ್ 1981ರಲ್ಲಿ ಮೂರು ಲಕ್ಷಣಗಳಲ್ಲಿ ಗುರುತಿಸಿದರು. ಮನಸ್ಸು ಪೂರ್ತಿ ಬಳಲುವುದು. ಎದುರಿಗಿರುವ ಮನುಷ್ಯ ಮನುಷ್ಯನಂತೆ ಕಾಣದಿರುವುದು. ತನ್ನ ಕೆಲಸದಿಂದ ಏನೂ ಪ್ರಯೋಜನವಿಲ್ಲ ಎನಿಸುವುದು. ಆಗಲೇ ಹೆಸರಿರುವ ಮಗು 'ಆರನೇ ಹಾಸಿಗೆ' ಆಗುವುದು. ಇನ್ನು ಕೆಲವರು ಸೋಲೊಪ್ಪಲಾರದೆ, ಫಲವಿಲ್ಲವೆಂದು ಗೊತ್ತಿದ್ದರೂ ಮಗುವಿಗೆ ಔಷಧಿಯ ಮೇಲೆ ಔಷಧಿ ಕೊಡುತ್ತಾರೆ.

ಇದು ಮಗುವಿಗೆ ತಿಳಿಯುವುದಿಲ್ಲವೆಂದು ತಿಳಿಯಬೇಡಿ. ಅಮೆರಿಕದ ಮೈರಾ ಬ್ಲೂಬಾಂಡ್-ಲ್ಯಾಂಗ್ನರ್ ಎಂಬ ಮಾನವಶಾಸ್ತ್ರಜ್ಞೆ ಲ್ಯುಕೇಮಿಯಾ ವಾರ್ಡಿನಲ್ಲಿ ಮಕ್ಕಳ ಜೊತೆಗಿದ್ದು 1978ರಲ್ಲಿ ಪುಸ್ತಕ ಬರೆದರು. ಯಾರೂ ಹೇಳದಿದ್ದರೂ ಆ ಪುಟ್ಟ ಮಕ್ಕಳಿಗೆ ತಾವು ಉಳಿಯುವುದಿಲ್ಲವೆಂದು ಗೊತ್ತಿತ್ತು. ಗೊತ್ತಿಲ್ಲದವರಂತೆ ನಟಿಸುತ್ತಿದ್ದರು. ಅಮ್ಮ ಅಳುತ್ತಾಳೆಂಬ ಚಿಂತೆ ಅವರಿಗೆ! ಡಾಕ್ಟರು ಕಣ್ಣು ತಪ್ಪಿಸಿದರೆ, ಬೇಗ ಹೊರಟುಹೋದರೆ, ಇಂಥ ಮಗು ಗಮನಿಸದೇ ಇದ್ದೀತೇ?

ಹಾಗಾದರೆ ದಾರಿ ಯಾವುದು? ಅಮೆರಿಕದ ವರ್ಜೀನಿಯಾ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ಜೊನಾಥನ್ ಬಾರ್ಟೆಲ್ಸ್ ಎಂಬ ನರ್ಸ್ ಸರಳ ಪದ್ಧತಿಯೊಂದನ್ನು ತಂದರು. ರೋಗಿ ತೀರಿಕೊಂಡೊಡನೆ ಡಾಕ್ಟರು, ನರ್ಸುಗಳು ಎಲ್ಲರೂ ಹಾಸಿಗೆಯ ಸುತ್ತ ಸ್ವಲ್ಪ ಹೊತ್ತು ಮೌನವಾಗಿ ನಿಲ್ಲುವುದು. ಆಮೇಲೆ ಮುಂದಿನ ಕೆಲಸ. ಅಳುವುದಕ್ಕೂ ಹಂಚಿಕೊಳ್ಳುವುದಕ್ಕೂ ಆಸ್ಪತ್ರೆಯೇ ಜಾಗ ಕೊಟ್ಟಾಗ ದುಃಖ ಕೊಳೆಯುವುದಿಲ್ಲ.

ಇನ್ನೊಂದು ದಾರಿ, 'ಇನ್ನೇನೂ ಮಾಡುವಂತಿಲ್ಲ' ಎಂಬ ಮಾತನ್ನೇ ಬಿಡುವುದು. ವಾಸಿ ಮಾಡಲಾಗದಿದ್ದರೂ ನೋವು ತಗ್ಗಿಸಬಹುದು, ಉಸಿರಾಟ ಸುಲಭ ಮಾಡಬಹುದು, ಮಗು ಅಮ್ಮನ ಮಗ್ಗುಲಲ್ಲಿ ಮಲಗುವಂತೆ ಮಾಡಬಹುದು. ಇದೂ ವೈದ್ಯವಿಜ್ಞಾನವೇ, ಇದಕ್ಕೆ ಉಪಶಾಮಕ ಆರೈಕೆ ಎನ್ನುತ್ತಾರೆ. ಮಕ್ಕಳಿಗಾಗಿಯೇ ಇಂಥ ಮೊದಲ ಮನೆ 1982ರಲ್ಲಿ ಇಂಗ್ಲೆಂಡಿನ ಆಕ್ಸ್‌ಫರ್ಡಿನಲ್ಲಿ ತೆರೆಯಿತು. ನೆರೆಯ ಕೇರಳದ ಕೋಳಿಕ್ಕೋಡಿನಲ್ಲಿ ಎಲ್ಲ ವಯಸ್ಸಿನ ರೋಗಿಗಳಿಗಾಗಿ 1993ರಲ್ಲಿ ಈ ಕೆಲಸ ಶುರುವಾಯಿತು. ನೋವು ನೀಗುವ ಮಾರ್ಫಿನ್ ರೋಗಿಗಳಿಗೆ ಸಿಗುವುದು ಸುಲಭವಾಗಲೆಂದು ನಮ್ಮ ಸಂಸತ್ತು 2014ರಲ್ಲಿ ಕಾನೂನು ತಿದ್ದಿತು. ಕೈಯಲ್ಲಿ ಮಾಡಲು ಕೆಲಸವಿರುವ ಡಾಕ್ಟರು ಮಗುವಿನ ಹಾಸಿಗೆಯಿಂದ ಓಡಿಹೋಗಬೇಕಾಗಿಲ್ಲ.

ತಂದೆತಾಯಂದಿರಲ್ಲಿ ಒಂದು ಮಾತು. ಆಸ್ಪತ್ರೆಯಲ್ಲಿ ಡಾಕ್ಟರ ಮುಖ ಒಣಗಿದಂತೆ ಕಂಡರೆ, ಅವರು ಯಾವ ಹಾಸಿಗೆಯ ಬಳಿಯಿಂದ ಎದ್ದುಬಂದಿದ್ದಾರೋ ನಮಗೆ ಗೊತ್ತಿರುವುದಿಲ್ಲ. ಮಗನನ್ನೋ ಮಗಳನ್ನೋ ಡಾಕ್ಟರ್ ಮಾಡಬೇಕೆಂದಿದ್ದರೆ, ಅಂಕಗಳ ಜೊತೆಗೆ ಇದನ್ನೂ ಮನೆಯಲ್ಲಿ ಮಾತನಾಡಿ. ಪ್ರವೇಶ ಪರೀಕ್ಷೆಯಲ್ಲಿ ಇದರ ಬಗ್ಗೆ ಪ್ರಶ್ನೆ ಬರುವುದಿಲ್ಲ.

ವಿದ್ಯಾರ್ಥಿಗಳೇ, ಇದಕ್ಕೆ ನೀವು ಈಗಿನಿಂದಲೇ ಅಭ್ಯಾಸ ಮಾಡಬಹುದು. ಸಹಪಾಠಿಯೊಬ್ಬನ ಮನೆಯಲ್ಲಿ ಸಾವಾಗಿ, ಅವನು ವಾರದ ಮೇಲೆ ಶಾಲೆಗೆ ಬಂದಾಗ, ಏನು ಮಾತನಾಡಬೇಕೆಂದು ತೋಚದೆ ಎಲ್ಲರೂ ದೂರ ನಿಲ್ಲುತ್ತಾರೆ. ಮಾತು ತೋಚದಿದ್ದರೂ ಪರವಾಗಿಲ್ಲ. ಹೋಗಿ ಅವನ ಪಕ್ಕದಲ್ಲಿ ಕುಳಿತುಕೊಳ್ಳಿ.